ಪಾರ್ಟು ಹಂಚಿಕೆ: ಅಣ್ಣಿಗೇರಿ ಸೀಮೆಯ ಸಂಗೀತ ನಾಟಕಗಳಲ್ಲಿ ನಟರ ಆಯ್ಕೆ

ನಾಟಕವೊಂದರ ಪಾತ್ರಗಳಿಗೆ ತಕ್ಕ ನಟನಟಿಯರನ್ನು ಗೊತ್ತುಮಾಡುವ ಕೆಲಸಕ್ಕೆ ಪುಸ್ತಕದ ಭಾಷೆಯಲ್ಲಿ ಪಾತ್ರ ಹಂಚಿಕೆ ಎಂದು ಹೆಸರು. ಧಾರವಾಡ, ಗದಗ ಸೀಮೆಯ ಕಂಪನಿಗಳಲ್ಲೂ ಹಳ್ಳಿಯ ತಾಲೀಮುಗಳಲ್ಲೂ ಇದನ್ನು ‘ಪಾರ್ಟು ಹಂಚೋದು’ ಎನ್ನುತ್ತಾರೆ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲುಹಾದಿಯ ಮೇಲಿರುವ ಅಣ್ಣಿಗೇರಿ, ಅದರ ಎಡಬಲದ ನವಲಗುಂದ, ಕುಂದಗೋಳ, ಆಚೆಗೆ ಗದಗ, ಲಕ್ಷ್ಮೇಶ್ವರ – ಇಷ್ಟು ನೆಲ ಸಂಗೀತ ನಾಟಕಕ್ಕೆ ಹಾಡುವ ನಟರನ್ನೂ ಕಂಪನಿ ಕಟ್ಟಿದ ಮಾಲೀಕರನ್ನೂ ನಾಟಕ ಬರೆದುಕೊಟ್ಟ ಕವಿಗಳನ್ನೂ ಕೊಟ್ಟಿದೆ. ಆದರೂ ನಮ್ಮ ರಂಗಭೂಮಿಯ ಚರಿತ್ರೆಗಳು ನಾಟಕಗಳ ಪಟ್ಟಿಗೆ, ಕಂಪನಿಗಳ ಏಳುಬೀಳಿಗೆ, ದೊಡ್ಡ ನಟರ ಬಿರುದುಗಳಿಗೆ ಕೊಟ್ಟಷ್ಟು ಜಾಗವನ್ನು ಪಾರ್ಟು ಹಂಚಿದ ಬಗೆಗೆ ಕೊಟ್ಟಿಲ್ಲ. ಹೀಗಾಗಿ, ಯಾರಿಗೆ ಯಾವ ಪಾರ್ಟು ಎಂಬುದು ಮಾಲೀಕನ ಮರ್ಜಿ, ಮುಖದ ಚೆಲುವು, ಕಿಸೆಯ ದುಡ್ಡು ಇವುಗಳಿಂದಲೇ ತೀರ್ಮಾನವಾಗುತ್ತಿತ್ತು ಎಂಬ ನಂಬಿಕೆ ಬೇರೂರಿದೆ. ಸಿಗುವ ಸಾಕ್ಷ್ಯಗಳನ್ನು ಒಂದೆಡೆ ಇಟ್ಟು ನೋಡಿದರೆ ಕಾಣುವ ಚಿತ್ರ ಬೇರೆ. ಈ ಸೀಮೆಯಲ್ಲಿ ಪಾರ್ಟನ್ನು ಮೊದಲು ಹಂಚುತ್ತಿದ್ದದ್ದು ಕಂಠ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತಿತ್ತು. ಮತ್ತು ಮಾಲೀಕನು ಒಂದು ನಾಟಕಕ್ಕೆಂದು ನಟರನ್ನು ಹುಡುಕುತ್ತಿರಲಿಲ್ಲ, ಒಂದು ಊರಿನಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುವ ಇಡೀ ಕ್ಯಾಂಪಿಗೆ ಒಗ್ಗುವ ತಂಡವನ್ನು ಕೂಡಿಸಿಕೊಂಡು ನಾಟಕವನ್ನು ಅದಕ್ಕೆ ಹೊಂದಿಸುತ್ತಿದ್ದ.

ಕಂಠಕ್ಕೆ ಈ ಮೊದಲ ಮಣೆ ಸಿಕ್ಕಿದ್ದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ 1842ರಲ್ಲಿ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ಕಂಡ ಅಲ್ಲಿಯ ದೊರೆಯ ಅಪ್ಪಣೆಯಂತೆ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದಾಗ, ಪಾತ್ರಧಾರಿಯೇ ಹಾಡಬೇಕು, ಹಾಡಿನಲ್ಲೇ ಪಾತ್ರ ಬೆಳೆಯಬೇಕು ಎಂಬ ಮಾದರಿ ಊರ್ಜಿತವಾಯಿತು. ಕರ್ಕಿಯಿಂದ ಹೊರಟ ಆಟ ಸಾಂಗ್ಲಿ, ಪುಣೆ ಸುತ್ತಿ ಮತ್ತೆ ಕನ್ನಡ ನಾಡಿಗೇ ಬಂದದ್ದು ಮರಾಠಿ ಮಾತಿನಲ್ಲಿ. ಕನ್ನಡದ ಊರಿನಲ್ಲಿ ಕನ್ನಡದ ಜನ ಮರಾಠಿ ನಾಟಕಕ್ಕೆ ಮುಗಿಬೀಳುವುದನ್ನು ಸಹಿಸದ ಸಕ್ಕರಿ ಬಾಳಾಚಾರ್ಯ, ಎಂದರೆ ಶಾಂತಕವಿಗಳು, ಶಾಕುಂತಲಕ್ಕೂ ಮೊದಲೇ, 1870ರ ದಶಕದಲ್ಲಿ, ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. ಅವರ ಮುಂದಿದ್ದ ತೊಡಕನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮಾತಾಡುವ ನಟ ಎಲ್ಲಿಯಾದರೂ ಸಿಕ್ಕಾನು, ಹಾಡಿಕೊಂಡು ಮಾತಾಡುವ ನಟ ಬೇಕೆಂದರೆ ಭಜನೆ, ಕೀರ್ತನ, ದೊಡ್ಡಾಟ, ಸಣ್ಣಾಟಗಳ ಬಾಗಿಲಿಗೇ ಹೋಗಬೇಕಿತ್ತು. ಆ ಬಾಗಿಲು ಈ ಸೀಮೆಯಲ್ಲಿ ಓಣಿಗೊಂದು ಇತ್ತು. ಮೈಸೂರು ಕಡೆಯ ನಾಟಕಕ್ಕೆ ಅರಮನೆಯ ಆಸರೆ ಇದ್ದರೆ, ಇಲ್ಲಿಯ ನಾಟಕಕ್ಕೆ ಇದ್ದ ಆಸರೆ ಮಠ ಮತ್ತು ಭಜನೆಯ ಕಟ್ಟೆ. ಇವೆರಡು ರಂಗಭೂಮಿಗಳ ನಡುವೆ ಕೊನೆಯವರೆಗೂ ಉಳಿದ ಅಂತರಕ್ಕೆ ಮೂಲ ಇದೇ ಎಂದು ಹೇಳಬಹುದು.

ಕಂಠವೇ ಮೊದಲು ಎಂಬುದಕ್ಕೆ ದೊಡ್ಡ ಸಾಕ್ಷಿ ಕುಂದಗೋಳದ್ದು. ರಾಮಭಾವು ಕುಂದಗೋಳಕರ (1886–1952) ಕಿರಾನಾ ಘರಾಣೆಯ ಅಬ್ದುಲ್ ಕರೀಮ್ ಖಾನರ ಶಿಷ್ಯರು. ಗುರುವಿಗೆ ಮನಸ್ಸಿಲ್ಲದಿದ್ದರೂ ನಾಟ್ಯಕಲಾ ಪ್ರವರ್ತಕ ಮಂಡಳಿ ಸೇರಿ ಮರಾಠಿ ರಂಗದ ಮೇಲೆ ಸ್ತ್ರೀಪಾರ್ಟುಗಳಲ್ಲಿ ಹೆಸರು ಮಾಡಿದರು. ಆಗ ಸ್ತ್ರೀಪಾರ್ಟಿನ ನಟ ಬಾಲಗಂಧರ್ವರ ಹೆಸರು ಎಲ್ಲೆಡೆ ಮೊಳಗುತ್ತಿತ್ತು, ಅವರನ್ನೂ ಮೀರಿಸಬಲ್ಲವನೆಂಬ ಭಾವದಲ್ಲಿ ರಾಮಭಾವುಗೆ ‘ಸವಾಯಿ ಗಂಧರ್ವ’ ಎಂಬ ಬಿರುದು ಬಂತು. ಇಂದು ಜನ ಅವರನ್ನು ಬಲ್ಲುದು ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಅವರ ಗುರುವೆಂದು. ಆದರೆ ಆ ಹೆಸರು ಹುಟ್ಟಿದ್ದು ನಾಟಕದ ಪರದೆಯ ಮುಂದೆ, ಸೀರೆ ಉಟ್ಟು ಹಾಡಿದ ಪಾರ್ಟಿನಿಂದ. ಧಾರವಾಡದ ಮಗ್ಗುಲ ಮನ್ಸೂರಿನದೂ ಇಂಥದೇ ಕಥೆ. ಮಲ್ಲಿಕಾರ್ಜುನ ಮನ್ಸೂರರು (1910–1992) ಒಂಬತ್ತರ ವಯಸ್ಸಿನಲ್ಲಿ ಬಣ್ಣ ಹಚ್ಚಿದವರು, ಅಣ್ಣ ಬಸವರಾಜ ಮನ್ಸೂರರು ನಾಟಕ ಕಂಪನಿ ನಡೆಸಿದವರು. ಮಿರಜಿನ ನೀಲಕಂಠಬುವಾ, ಆಮೇಲೆ ಮಂಜಿಖಾನರ ಪಾಠಕ್ಕಿಂತ ಮೊದಲು ಆ ಹುಡುಗನ ಗಂಟಲನ್ನು ಸಭೆಗೆ ಪಳಗಿಸಿದ್ದು ರಂಗ. ಗಾಯಕರು ನಾಟಕಕ್ಕೆ ಹೋದರು ಎಂದು ಇವನ್ನು ಹೇಳುವುದು ವಾಡಿಕೆ. ಕಂಪನಿಯ ಕಡೆಯಿಂದ ನೋಡಿದರೆ ಇದು ಮಾಲೀಕನ ಆಯ್ಕೆ: ಅವನು ಊರೂರಲ್ಲಿ ಹುಡುಕುತ್ತಿದ್ದದ್ದು ಸ್ವರ ಹಿಡಿಯುವ ಹುಡುಗರನ್ನು. ಅಭಿನಯವನ್ನು ಕಂಪನಿಯಲ್ಲಿ ಕಲಿಸಬಹುದು, ಗಂಟಲನ್ನು ತಾಯಿಯೇ ಕೊಟ್ಟು ಕಳಿಸಿರಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಆ ಪರೀಕ್ಷೆ ನಡೆಯುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಈಗಲೂ ಹಳ್ಳಿಯ ತಾಲೀಮಿನಲ್ಲಿ ಅದು ಹಾಗೆಯೇ ನಡೆಯುತ್ತದೆ. ಪೇಟಿ ಮಾಸ್ತರನು ಹಾರ್ಮೋನಿಯಂ ತಿದಿ ಒತ್ತಿ ಒಂದು ಮನೆಯ ಮೇಲೆ ಬೆರಳಿಡುತ್ತಾನೆ. ಕರಿಮನೆ, ಬಿಳಿಮನೆಗಳನ್ನು ಎಣಿಸಿ ಕರಿ ಒಂದು, ಕರಿ ಎರಡು, ಬಿಳಿ ನಾಲ್ಕು ಎಂದು ಸ್ವರದ ಲೆಕ್ಕ. ಎದುರಿಗೆ ಕುಳಿತವನು ಆ ಸ್ವರಕ್ಕೆ ‘ಆ’ ಎಂದು ದನಿ ಕೂಡಿಸಬೇಕು. ಕೂಡಿದರೆ ಮಾಸ್ತರ ಮೇಲಿನ ಷಡ್ಜಕ್ಕೆ ಏರುತ್ತಾನೆ, ಅಲ್ಲಿ ದನಿ ಬಿರಿಯಿತೋ ನಿಂತಿತೋ ನೋಡುತ್ತಾನೆ. ಬೆಳೆದ ಗಂಡಸಿನ ದನಿ ಬಹಳ ಮಟ್ಟಿಗೆ ಕರಿ ಒಂದು, ಕರಿ ಎರಡರಲ್ಲಿ ನೆಲೆ ನಿಲ್ಲುತ್ತದೆ. ಹೆಂಗಸಿನ ದನಿ ಕರಿ ನಾಲ್ಕು, ಕರಿ ಐದರಲ್ಲಿ. ಗಂಡಸರೇ ಸ್ತ್ರೀಪಾರ್ಟು ಮಾಡುತ್ತಿದ್ದ ಕಾಲದಲ್ಲಿ ಮೀಸೆ ಮೂಡದ ಹುಡುಗರಿಗೆ ಅಷ್ಟು ಬೆಲೆ ಬಂದದ್ದು ಈ ಅಂತರದಿಂದಾಗಿ. ಹುಡುಗನ ದನಿ ಒಡೆಯುವ ವಯಸ್ಸು ಕಂಪನಿಗೆ ದೊಡ್ಡ ಗಂಡಾಂತರ. ನಿನ್ನೆ ಶಕುಂತಲೆಯಾಗಿದ್ದವನು ಇಂದು ಆ ಸ್ವರ ಮುಟ್ಟಲಾರ, ಹಾಗೆಂದು ದುಷ್ಯಂತನಾಗಲು ಇನ್ನೂ ದನಿ ಗಟ್ಟಿಯಾಗಿಲ್ಲ. ನಡುವಿನ ಒಂದೆರಡು ವರ್ಷ ಅವನು ಸಖಿಯೋ ಬಾಗಿಲವನೋ ಆಗಿ, ಪರದೆ ಎಳೆದು, ಮಾತು ಎತ್ತಿಕೊಡುತ್ತ ಕಳೆಯಬೇಕು. ಶತಮಾನ ದಾಟಿ ಬದುಕಿದ ಏಣಗಿ ಬಾಳಪ್ಪನವರು (1914–2017) ಹುಡುಗನಾಗಿ ಸ್ತ್ರೀಪಾರ್ಟು ಮಾಡಿದವರು, ಬೆಳೆದು ನಾಯಕನಾದವರು, ಮುಂದೆ ಬೆಳಗಾವಿಯ ಕಲಾವೈಭವ ನಾಟ್ಯ ಸಂಘದ ಮಾಲೀಕರಾಗಿ ಬಸವೇಶ್ವರನ ಪಾತ್ರಕ್ಕೆ ಮನೆಮಾತಾದವರು. ಈ ಏಣಿಯ ಮೆಟ್ಟಿಲುಗಳನ್ನು ಇಟ್ಟಿದ್ದು ವಯಸ್ಸು ಮತ್ತು ದನಿ.

ಇನ್ನು ತಂಡದ ಮಾತು. ವಿದೇಶದಲ್ಲಿ ಊಟದ ಮೇಜಿನ ಮುಂದೆ ನಾಟಕವಾಡುವ ರಂಗಮಂದಿರಗಳಿವೆ. ಅಮೆರಿಕದಲ್ಲಿ ಈ ಬಗೆಗೆ ಮೊದಲಿನದೆಂದು ಹೇಳುವ ಬಾರ್ಕ್ಸ್‌ಡೇಲ್ ಥಿಯೇಟರ್ 1953ರಲ್ಲಿ ವರ್ಜೀನಿಯಾ ರಾಜ್ಯದ ಹ್ಯಾನೋವರ್ ಟ್ಯಾವರ್ನ್ ಎಂಬ ಹಳೆಯ ಛತ್ರದಲ್ಲಿ ನೆಲೆಯೂರಿತು. ಅಂಥಲ್ಲಿ ಒಂದು ಹಂಗಾಮಿಗೆ ನಾಲ್ಕಾರು ಸಂಗೀತ ನಾಟಕ ಗೊತ್ತುಮಾಡಿ, ಆ ಎಲ್ಲಕ್ಕೂ ಒದಗುವ ನಟರನ್ನು ಒಟ್ಟಿಗೆ ಆರಿಸುವುದುಂಟು. ನಮ್ಮ ಕಂಪನಿಗಳ ಕ್ಯಾಂಪಿನ ಲೆಕ್ಕಾಚಾರ ಇದಕ್ಕೆ ತೀರ ಹತ್ತಿರ, ಮತ್ತು ಅದಕ್ಕಿಂತ ಬಹಳ ಹಳೆಯದು. ಒಂದು ಊರಿನಲ್ಲಿ ತಗಡಿನ ಥೇಟರು ಹಾಕಿದರೆ ಕೆಲವು ತಿಂಗಳು ಅಲ್ಲೇ ಬಿಡಾರ. ಒಂದೇ ನಾಟಕಕ್ಕೆ ಜನ ಎಷ್ಟು ದಿನ ಬಂದಾರು? ಪೌರಾಣಿಕ ಒಂದು, ಭಕ್ತಿಯದು ಒಂದು, ಐತಿಹಾಸಿಕ ಒಂದು, ಸಾಮಾಜಿಕ ಎರಡು ಮೂರು ಕೈಯಲ್ಲಿರಬೇಕು. ಎಲ್ಲದರಲ್ಲೂ ಅವೇ ಮುಖಗಳು. ಹೀಗಾಗಿ ಮಾಲೀಕನು ತಂಡ ಕೂಡಿಸುವಾಗ ಹಾಡುವ ನಾಯಕ, ಹಾಡುವ ನಾಯಕಿ, ಖಳ, ತಾಯಿ ಪಾತ್ರದ ಹಿರಿಯಳು, ಮುದುಕನ ಪಾತ್ರಕ್ಕೆ ತೂಕದ ಮಾತುಗಾರ, ಹಾಸ್ಯದ ಜೋಡಿ ಎಂದು ಮನೆಗಳನ್ನು ಮಾಡಿಕೊಂಡು ಆ ಮನೆಗಳನ್ನು ತುಂಬುತ್ತಿದ್ದ. ಪ್ರತಿ ಮನೆಯ ಹಿಂದೆ, ಇವನು ಜ್ವರ ಬಂದು ಮಲಗಿದರೆ ಯಾರು ಎಂಬ ಎರಡನೆಯ ಹೆಸರು. ಆ ಎರಡನೆಯವನು ದಿನಾ ಪರದೆಯ ಪಕ್ಕದಲ್ಲಿ ನಿಂತು ಇಡೀ ನಾಟಕವನ್ನು ಬಾಯಿಪಾಠ ಮಾಡಿಕೊಂಡಿರುತ್ತಿದ್ದ. ನಾಯಕನು ಮುನಿಸಿಕೊಂಡು ಬೇರೆ ಕಂಪನಿಗೆ ಹೋದ ರಾತ್ರಿ ಇವನ ಬಾಳು ತೆರೆಯುತ್ತಿತ್ತು.

ತಂಡ ಮೊದಲು, ನಾಟಕ ಆಮೇಲೆ ಎಂಬುದಕ್ಕೆ ಕಂಪನಿ ಕವಿಗಳೇ ಪುರಾವೆ. ಕಂಪನಿಯ ಜತೆಯಲ್ಲೇ ಇದ್ದು, ಅದರ ಊಟವನ್ನೇ ಉಂಡು, ಅದರ ನಟರಿಗೆಂದೇ ನಾಟಕ ಕಟ್ಟಿದವರು ಇವರು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’, ಪಿ.ಬಿ. ಧುತ್ತರಗಿ ಅವರ ‘ಸಂಪತ್ತಿಗೆ ಸವಾಲ್’ ಈ ಪರಂಪರೆಯ ದೊಡ್ಡ ಹೆಸರುಗಳು. ಅಣ್ಣಿಗೇರಿ ಬಳಿಯ ನಲವಡಿಯ ಹೆಸರನ್ನು ಹೊತ್ತ ನಲವಡಿ ಶ್ರೀಕಂಠಶಾಸ್ತ್ರಿಗಳೂ ಇದೇ ಸಾಲಿನವರು. ಇಂಥ ಕವಿಯ ಮುಂದೆ ಬಿಳಿ ಹಾಳೆ ಇರುತ್ತಿರಲಿಲ್ಲ, ಹದಿನೈದು ಇಪ್ಪತ್ತು ಗುರುತಿನ ಮುಖಗಳಿರುತ್ತಿದ್ದವು. ಹಾಸ್ಯದವನು ಜೋರಾಗಿದ್ದರೆ ಅವನಿಗೆ ಎರಡು ಪ್ರವೇಶ ಹೆಚ್ಚು, ತಾಯಿ ಪಾತ್ರದವಳ ಗಂಟಲು ಚೆನ್ನಾಗಿದ್ದರೆ ಕಡೆಯ ಅಂಕದಲ್ಲಿ ಅವಳಿಗೊಂದು ಹಾಡು. ಇದನ್ನು ಸಾಹಿತ್ಯದ ದೃಷ್ಟಿಯಿಂದ ದೋಷವೆಂದು ಎಣಿಸಿದ ವಿಮರ್ಶಕರು ಬಹಳ ಮಂದಿ. ನಾಟಕದ ಕಟ್ಟು ಸಡಿಲವಾಗುತ್ತದೆ, ಕಥೆಗೆ ಬೇಡದ ಹಾಸ್ಯ ತುರುಕಿಕೊಳ್ಳುತ್ತದೆ ಎಂಬ ಅವರ ಆಕ್ಷೇಪಣೆ ಸುಳ್ಳಲ್ಲ. ಆದರೆ ಅದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಹಾಗೆ ಬರೆದ ಪಾತ್ರ ನಟನ ಮೈಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂಡುತ್ತಿತ್ತು. ದಶಕಗಟ್ಟಲೆ ಒಂದೇ ಪಾತ್ರವನ್ನು ಮಾಡಿಯೂ ಜನಕ್ಕೆ ಬೇಸರ ತರಿಸದ ನಟರು ಈ ರಂಗದಲ್ಲಿ ಹುಟ್ಟಿದ್ದು ಆ ಕಾರಣದಿಂದ. ಬಳ್ಳಾರಿಯ ಸುಭದ್ರಮ್ಮ ಮನ್ಸೂರರ ದ್ರೌಪದಿಯನ್ನು ಜನ ನೆನೆಯುವುದು ಅವರ ರಂಗಗೀತೆಗಳಿಂದ. ಪಾತ್ರದಿಂದ ಆ ದನಿಯನ್ನು ಬಿಡಿಸಿ ನೋಡುವುದು ಆಗದ ಮಾತು.

ಎಲ್ಲ ಸರಿ, ನಾಯಕನ ಪಾರ್ಟು ಕೊನೆಗೆ ಮಾಲೀಕನ ಮನೆಯವರಿಗೇ ಹೋಗುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಹೋಗುತ್ತಿದ್ದದ್ದು ನಿಜ. ಗದಗಿನ ದತ್ತಾತ್ರೇಯ ನಾಟಕ ಮಂಡಳಿಗೆ ಗರುಡ ಸದಾಶಿವರಾಯರೇ ಒಡೆಯರು, ಅವರೇ ಮುಖ್ಯ ನಟರು. ದೂರದ ಗುಬ್ಬಿ ಕಂಪನಿಯಲ್ಲಿ ವೀರಣ್ಣನವರದೂ ಇದೇ ಸ್ಥಾನ. ಆದರೆ ಇಲ್ಲಿ ಕಾರಣ ಮತ್ತು ಪರಿಣಾಮ ಅದಲುಬದಲಾಗಿವೆ. ಮಾಲೀಕನಾದ್ದರಿಂದ ನಾಯಕನಾದವರು ಕಡಿಮೆ, ನಟನಾಗಿ ಹೆಸರು ಗಳಿಸಿದ್ದರಿಂದ ಕಂಪನಿ ಕಟ್ಟುವ ಧೈರ್ಯ ಬಂದವರೇ ಹೆಚ್ಚು. ಅದಲ್ಲದೆ ಕಂಪನಿ ಅಂದಂದಿನ ಕಲೆಕ್ಷನ್ ಮೇಲೆ ಬದುಕುವ ದಂಧೆ. ಹಾಡಲು ಬಾರದ ಮಗನನ್ನು ನಾಯಕ ಮಾಡಿದ ಮಾಲೀಕನಿಗೆ ನಾಲ್ಕೇ ದಿನದಲ್ಲಿ ಗಲ್ಲಾಪೆಟ್ಟಿಗೆ ಬುದ್ಧಿ ಹೇಳುತ್ತಿತ್ತು. ಈ ಸೀಮೆಯ ಪ್ರೇಕ್ಷಕ ಹಗಲು ಹೊಲದಲ್ಲಿ ದುಡಿದು ರಾತ್ರಿ ಭಜನೆಗೆ ತಾಳ ಹಿಡಿದು ಕೂಡುವವನು. ಅವನ ಕಿವಿಗೆ ಮೋಸ ಮಾಡುವಂತಿರಲಿಲ್ಲ. ಹಾಡು ಮೆಚ್ಚಿದರೆ ‘ವನ್ಸ್ ಮೋರ್’ ಎಂದು ಕೂಗಿ ಮತ್ತೆ ಹಾಡಿಸುವ ರೂಢಿಯೇ ಇದಕ್ಕೆ ಸಾಕ್ಷಿ. ಒಂದೇ ಹಾಡನ್ನು ಎರಡು ಮೂರು ಸಲ ಹಾಡಿ, ಬೆಳಗಿನ ಜಾವದ ಕೊನೆಯ ಪ್ರವೇಶದವರೆಗೂ ದನಿ ಕೆಡದಂತೆ ಉಳಿಸಿಕೊಳ್ಳುವ ತಾಕತ್ತು ಯಾರಿಗಿದೆಯೋ ಅವರೇ ನಾಯಕ. ಜಾತಿ, ಕುಲಗಳ ಲೆಕ್ಕ ರಂಗದ ಮೇಲೆ ಇರಲಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಆದರೆ ಗಂಟಲಿನ ಮುಂದೆ ಆ ಲೆಕ್ಕ ಊರಿನಲ್ಲಿ ನಡೆದಷ್ಟು ಸರಾಗವಾಗಿ ಕಂಪನಿಯಲ್ಲಿ ನಡೆಯಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೆಂಗಸರ ವಿಷಯದ್ದು. ಕಂಠವೇ ಪ್ರಧಾನವಾಗಿದ್ದರೆ ಹಾಡಲು ಬಲ್ಲ ಹೆಂಗಸರಿದ್ದೂ ಗಂಡಸರಿಗೆ ಸೀರೆ ಉಡಿಸಿದ್ದು ಯಾಕೆ? ಉತ್ತರ ಸಮಾಜದಲ್ಲಿದೆ. ಮನೆಯ ಹೆಣ್ಣುಮಗಳು ರಂಗಕ್ಕೆ ಬರುವುದು ಕುಲಕ್ಕೆ ಕುಂದು ಎಂಬ ಕಾಲ ಅದು. ಬಂದವರು ಹಾಡು ಕುಣಿತವನ್ನೇ ಕಸುಬಾಗಿ ಮಾಡಿಕೊಂಡ ಮನೆತನಗಳ ಹೆಣ್ಣುಮಕ್ಕಳು. ಅವರ ವಿದ್ಯೆಯನ್ನು ಊರು ಬೇಕೆಂದಿತು, ಅವರನ್ನು ಊರೊಳಗೆ ಕೂಡಿಸಿಕೊಳ್ಳಲಿಲ್ಲ. ಹೀಗಿದ್ದೂ ಅವರು ಬಂದದ್ದು, ಬಂದು ಗೆದ್ದದ್ದು ಕಂಠದ ಬಲದಿಂದ. ಅಣ್ಣಿಗೇರಿಯ ದಕ್ಷಿಣಕ್ಕಿರುವ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸರದೇ ಕಂಪನಿ ಕಟ್ಟಿದಳು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಹಿಂದಿ ಚಿತ್ರಗಳಲ್ಲಿ ಹಾಡಿ ದೇಶಕ್ಕೇ ಪರಿಚಿತಳಾದಳು, ಅಕ್ಕತಂಗಿಯರಲ್ಲಿ ಇನ್ನೊಬ್ಬಳಾದ ಗೋಹರಬಾಯಿ ಬಾಲಗಂಧರ್ವರ ಕಂಪನಿಯ ನಾಯಕಿಯಾದಳು. ಸ್ತ್ರೀಪಾರ್ಟಿಗೆ ಗಂಡಸಿನ ಕಂಠವೇ ಸರಿ ಎಂದು ಮಹಾರಾಷ್ಟ್ರಕ್ಕೆಲ್ಲ ತೋರಿಸಿಕೊಟ್ಟ ಕಂಪನಿಯಲ್ಲೇ ಈ ಕಡೆಯ ಹೆಣ್ಣುಮಗಳ ಕಂಠ ಜಾಗ ಹಿಡಿದದ್ದು ಸಣ್ಣ ಸಂಗತಿಯಲ್ಲ. ಕೌಜಲಗಿ ನಿಂಗಮ್ಮ ‘ಶ್ರೀಕೃಷ್ಣ ಪಾರಿಜಾತ’ಕ್ಕೆ ಬಂದ ಮೇಲೆ ಆ ಸಣ್ಣಾಟದ ಬಣ್ಣವೇ ಬದಲಾಯಿತು. ಎದುರಿನ ದಿಕ್ಕಿನಲ್ಲಿ ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ದುರ್ಯೋಧನರ ಪಾತ್ರಗಳನ್ನು ತಾವೇ ಮಾಡಿ ಗೆದ್ದರು. ಗಂಡಸು ಶಕುಂತಲೆಯಾಗಿ, ಹೆಂಗಸು ದುರ್ಯೋಧನನಾಗಿ ಜನರ ಕಣ್ಣಿಗೆ ಕಟ್ಟಿದರೆಂದರೆ, ಮೈಯ ರೂಪ ಈ ರಂಗದಲ್ಲಿ ಪಾರ್ಟು ಹಂಚುವ ಒರೆಗಲ್ಲಾಗಿರಲಿಲ್ಲ ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಮೈಕು ಬಂದ ಮೇಲೆ ಈ ಕಟ್ಟಳೆ ಸಡಿಲಾಯಿತು. ತಗಡಿನ ಥೇಟರಿನ ಹಿಂದಿನ ಸಾಲಿಗೆ ದನಿ ಮುಟ್ಟಿಸುವ ಹೊಣೆಯನ್ನು ಯಂತ್ರ ಹೊತ್ತುಕೊಂಡಿತು. 1934ರ ‘ಸತಿ ಸುಲೋಚನ’ದಿಂದ ಶುರುವಾದ ಕನ್ನಡ ಮಾತಿನ ಚಿತ್ರ ಕಂಪನಿಯ ನಟರನ್ನೇ ಕರೆದೊಯ್ದಿತು. ಆಮೇಲೆ ಹಿನ್ನೆಲೆ ಗಾಯನ ಬಂದು, ಹಾಡುವವರು ಬೇರೆ, ತುಟಿ ಆಡಿಸುವವರು ಬೇರೆ ಎಂಬುದು ಜನಕ್ಕೆ ರೂಢಿಯಾಯಿತು. ಕಂಪನಿ ನಾಟಕದಲ್ಲೂ ಹಾಡು ಕಡಿಮೆಯಾಗಿ, ಹಾಸ್ಯ ಬೆಳೆದು, ಹಾಸ್ಯನಟನ ಹೆಸರೇ ಬೋರ್ಡಿನ ಮೇಲೆ ದೊಡ್ಡದಾಗಿ ಬರುವ ಕಾಲ ಬಂತು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಒಂದರ ಪಕ್ಕ ಒಂದು ಥೇಟರು ಹಾಕಿ ದಿನಕ್ಕೆ ಎರಡು ಮೂರು ಆಟ ಆಡುವ ಕಂಪನಿಗಳ ಬೋರ್ಡು ನೋಡಿದರೆ ಇದು ತಿಳಿಯುತ್ತದೆ. ಹಾಗಾದರೆ ಕಂಠದ ವಾದ ಹಳೆಯ ಕಾಲಕ್ಕೆ ಮಾತ್ರ ಸಲ್ಲುವುದೇ? ಪೂರಾ ಹಾಗಲ್ಲ. ಹಾಡಿನಿಂದ ಮಾತಿಗೆ ತೂಕ ಸರಿಯಿತು, ಆದರೆ ಕಿವಿಯ ಪರೀಕ್ಷೆ ನಿಲ್ಲಲಿಲ್ಲ. ದಿನಕ್ಕೆ ಮೂರು ಆಟ ಆಡುವ ಹಾಸ್ಯನಟನಿಗೆ ಬೇಕಾದದ್ದು ಮತ್ತೆ ಅದೇ, ಸೋಲದ ಗಂಟಲು ಮತ್ತು ಮಾತಿನ ಲಯ. ಕ್ಯಾಂಪಿಗೆ ತಂಡ ಕೂಡಿಸುವ ರೀತಿಯಂತೂ ಕಂಪನಿಗಳಲ್ಲಿ ಇವತ್ತಿಗೂ ಬದಲಾಗಿಲ್ಲ. ಬದಲಾದದ್ದು, ನನ್ನ ಮಟ್ಟಿಗೆ ಹೆಚ್ಚು ನೋವಿನ ಬದಲಾವಣೆ, ಬೇರೆ: ಹುಡುಗನನ್ನು ಒಳಗೆ ತಂದು ಹತ್ತು ವರ್ಷ ಬೆಳೆಸುವ ಏಣಿ ಮುರಿಯಿತು. ಇಸ್ಕೂಲು ಬಿಡಿಸಿ ಮಕ್ಕಳನ್ನು ಕಂಪನಿಗೆ ಹಾಕುವುದು ನಿಂತದ್ದು ಒಳ್ಳೆಯದೇ, ಅದನ್ನು ಮರಳಿ ತರಬೇಕೆಂದು ಯಾರೂ ಹೇಳಲಾರರು. ಆದರೆ ಆ ಏಣಿಯ ಜಾಗದಲ್ಲಿ ಬೇರೆ ಏಣಿ ಬರಲಿಲ್ಲ.

ಈ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಸವಾಲು ಕಂಪನಿಯ ಹೊರಗೆ, ಹಳ್ಳಿಯ ನಾಟಕದಲ್ಲಿದೆ. ಅಣ್ಣಿಗೇರಿ ಸುತ್ತಿನ ಎರಿಹೊಲದ ಊರುಗಳಲ್ಲಿ ಹಿಂಗಾರಿ ಜೋಳ, ಕಡಲೆ ಮನೆಗೆ ಬಂದು, ಹತ್ತಿ, ಮೆಣಸಿನಕಾಯಿ ಪೇಟೆಗೆ ಹೋದ ಮೇಲೆ ಜಾತ್ರೆಯ ಹಂಗಾಮು. ಜಾತ್ರೆಗೊಂದು ನಾಟಕ. ಓಣಿಯ ಹುಡುಗರು ಒಂದು ನಾಟ್ಯ ಸಂಘದ ಹೆಸರಿಟ್ಟು, ಅಚ್ಚಾದ ನಾಟಕದ ಪುಸ್ತಕ ತಂದು, ತಲೆಗಿಷ್ಟು ಎಂದು ಪಟ್ಟಿ ಹಾಕುತ್ತಾರೆ. ಇಲ್ಲಿ ನಟನಿಗೆ ಸಂಬಳವಿಲ್ಲ, ಅವನೇ ದುಡ್ಡು ಕೊಟ್ಟು ಬಣ್ಣ ಹಚ್ಚುತ್ತಾನೆ. ಹೆಚ್ಚು ಕೊಟ್ಟವನಿಗೆ ಹೀರೋ ಪಾರ್ಟು, ಹ್ಯಾಂಡ್‌ಬಿಲ್ಲಿನಲ್ಲಿ ಅವನದೇ ದೊಡ್ಡ ಫೋಟೋ. ನೋಡಿ, ಇಲ್ಲಿ ಪಾರ್ಟು ಹಂಚಿದ್ದು ದುಡ್ಡೇ ಎಂದು ಯಾರಾದರೂ ಬೆರಳು ತೋರಿಸಿದರೆ ಒಪ್ಪಲೇಬೇಕು, ಆದರೆ ಅರ್ಧ ಮಾತ್ರ. ಗಂಡುಪಾರ್ಟುಗಳನ್ನು ದುಡ್ಡು ಹಂಚುತ್ತದೆ. ನಾಟಕವನ್ನು ದಡ ಮುಟ್ಟಿಸುವ ಹೆಣ್ಣುಪಾರ್ಟುಗಳಿಗೆ ಗದಗ, ಹುಬ್ಬಳ್ಳಿ, ಬಾಗಲಕೋಟೆ ಕಡೆಯಿಂದ ಕಲಾವಿದೆಯರನ್ನು ಸಂಭಾವನೆ ಗೊತ್ತುಮಾಡಿ, ಮುಂಗಡ ಕೊಟ್ಟು ಕರೆಸುತ್ತಾರೆ. ಅವರು ಹತ್ತಾರು ನಾಟಕಗಳನ್ನು ಬಾಯಿಪಾಠ ಮಾಡಿಕೊಂಡವರು. ಹಂಗಾಮಿನಲ್ಲಿ ಇವತ್ತು ಒಂದು ಊರು, ನಾಳೆ ಇನ್ನೊಂದು ಊರು. ಬಹಳ ಸಲ ಅವರು ಬಂದು ಇಳಿಯುವುದು ನಾಟಕದ ದಿನ ಸಂಜೆ. ಅಲ್ಲಿ ಮೊದಲು ನಡೆಯುವ ಮಾತು ಎಲ್ಲ ಊರಲ್ಲೂ ಒಂದೇ ಬಗೆಯದು. “ಅಕ್ಕಾರ, ಈ ನಾಟಕ ಮಾಡೀರೇನ್ರೀ?” ಎಂದು ಮಾಸ್ತರ ಕೇಳುತ್ತಾನೆ. “ಮಾಡೇನ್ರಿ ಮಾಸ್ತರ, ಹಾಡು ಯಾವ ಸ್ವರದಾಗ ಹಿಡೀತೀರಿ ಹೇಳ್ರಿ” ಎಂಬುದು ಉತ್ತರ.

ಆ ಉತ್ತರದಲ್ಲಿ ಕಸುಬಿನ ಎಲ್ಲ ತಿಳಿವಳಿಕೆಯೂ ಇದೆ. ಹೀರೋ ಆದ ಹುಡುಗ ಎರಡು ತಿಂಗಳು ಕರಿ ಒಂದರಲ್ಲಿ ತಾಲೀಮು ಮಾಡಿದ್ದಾನೆ. ಕಲಾವಿದೆಯ ದನಿ ಕರಿ ನಾಲ್ಕರದು. ಇಬ್ಬರೂ ಕೂಡಿ ಹಾಡುವ ಯುಗಳಗೀತೆಯನ್ನು ಹುಡುಗನ ಸ್ವರದಲ್ಲೇ ಹಿಡಿದರೆ ಆಕೆಯ ದನಿ ಕೆಳಗಿಳಿದು ಮೈಕಿಗೂ ಸಿಗದು, ಆಕೆಯ ಸ್ವರದಲ್ಲಿ ಹಿಡಿದರೆ ಇವನ ನರ ಉಬ್ಬುತ್ತದೆ. ಬಲ್ಲ ಮಾಸ್ತರನು ಇಲ್ಲಿ ಒಂದು ದಾರಿ ಬಲ್ಲ: ಕರಿ ಒಂದಕ್ಕೆ ಪಂಚಮ ಕರಿ ನಾಲ್ಕು. ಇವನ ಪಂಚಮವನ್ನೇ ಆಕೆಗೆ ಷಡ್ಜವಾಗಿಸಿ, ಚರಣಗಳನ್ನು ಬಿಡಿಬಿಡಿಯಾಗಿ ಹಂಚಿ, ಪಲ್ಲವಿಯಲ್ಲಿ ಮಾತ್ರ ಇಬ್ಬರನ್ನೂ ಕೂಡಿಸಿ ದಾಟಿಸುತ್ತಾನೆ. ಇಷ್ಟರಲ್ಲೂ ಹುಡುಗನಿಗೆ ಸ್ವರ ಕೂಡದೆ ಹೋದರೆ ಅವನ ಹಾಡುಗಳನ್ನು ಕೈಬಿಟ್ಟು, ಆ ಜಾಗದಲ್ಲಿ ಆಕೆಗೆ ಇನ್ನೊಂದು ಹಾಡು. ದುಡ್ಡು ಕೊಟ್ಟು ಹೀರೋ ಆದವನು ಹೀರೋ ಆಗಿಯೇ ಉಳಿಯುತ್ತಾನೆ, ನಾಟಕ ಮಾತ್ರ ಸದ್ದಿಲ್ಲದೆ ಹಾಡುವವಳ ಕೈಗೆ ಹೋಗಿರುತ್ತದೆ. ಜನ ವೇದಿಕೆಗೆ ಬಂದು ಮೆಚ್ಚುಗೆಯ ಆಹೇರಿ ಮಾಡುವಾಗ ಯಾರ ಹೆಸರನ್ನು ಹೆಚ್ಚು ಕೂಗಿಸುತ್ತಾರೆ ಎಂಬುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಿದೇಶದ ರಂಗಮಂದಿರಗಳ ಮಾತಿನಲ್ಲಿ ಬಂದ, ಊಟಕ್ಕೂ ಸಂಗೀತ ನಾಟಕಕ್ಕೂ ಇರುವ ನಂಟು ಈ ಸೀಮೆಯಲ್ಲಿ ಬೇರೆಯೇ ರೂಪ ತಳೆಯಿತು ಎಂಬುದನ್ನು ಇಲ್ಲಿ ಹೇಳದೆ ಬಿಡಲಾಗದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ಕಣ್ಣಿಲ್ಲದವರು, ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಊಟವಿಟ್ಟು ಸಂಗೀತ ಕಲಿಸಿದರು. ಆ ದಾಸೋಹ ನಡೆಯಲೆಂದು ಆಶ್ರಮ ತನ್ನದೇ ನಾಟಕ ಕಂಪನಿ ನಡೆಸಿತು. ಪುಟ್ಟರಾಜರು ತಾವೇ ನಾಟಕಗಳನ್ನು ಬರೆದರು. ಪ್ರೇಕ್ಷಕನಿಗೆ ಊಟ ಬಡಿಸಿ ನಾಟಕ ತೋರಿಸುವುದು ಬೇರೆ ದೇಶದ ಪದ್ಧತಿಯಾದರೆ, ಇಲ್ಲಿ ನಾಟಕ ಆಡಿ ಮಕ್ಕಳಿಗೆ ಊಟ ಬಡಿಸಿದರು. ಆ ತಂಡದಲ್ಲಿ ಪಾರ್ಟು ಹಂಚುವವರಿಗೇ ಕಣ್ಣು ಕಾಣುತ್ತಿರಲಿಲ್ಲ. ನಟನ ಮೂಗು ಮುಖ ಅವರಿಗೆ ಲೆಕ್ಕಕ್ಕೇ ಇಲ್ಲ, ಕೇಳಿದ್ದು ದನಿ, ತೂಗಿದ್ದು ದನಿ. ಈ ಲೇಖನ ಹೇಳಹೊರಟದ್ದನ್ನು ಇಷ್ಟು ನೇರವಾಗಿ ತೋರಿಸುವ ಇನ್ನೊಂದು ಉದಾಹರಣೆ ಕನ್ನಡ ರಂಗಭೂಮಿಯಲ್ಲಿ ಸಿಗುವುದು ಕಷ್ಟ.

ಇಂದು ಅಣ್ಣಿಗೇರಿ ಸೀಮೆಯಲ್ಲಿ ಸಂಗೀತ ನಾಟಕವನ್ನು ಉಳಿಸಿರುವುದು ಎರಡೇ ಎರಡು ಕೈಗಳು, ಒಂದು ಪೇಟಿ ಮಾಸ್ತರನದು, ಇನ್ನೊಂದು ಊರೂರು ತಿರುಗುವ ಕಲಾವಿದೆಯದು. ಧಾರವಾಡದ ರಂಗಾಯಣವಾಗಲಿ ನಾಟಕ ಅಕಾಡೆಮಿಯಾಗಲಿ ಮಾಡುವ ಕೆಲಸ ತಮ್ಮ ದಾರಿಯಲ್ಲಿ ನಡೆದಿದೆ, ಆದರೆ ಹಳ್ಳಿಯ ತಾಲೀಮಿನ ಕಟ್ಟೆ ಹಳ್ಳಿಯವರ ಕೈಯಲ್ಲೇ ಇದೆ. ಅಲ್ಲಿ ಪಾರ್ಟು ಹಂಚುವ ಹಿರಿಯರು ಮಾಡಬಹುದಾದ ಒಂದು ಕೆಲಸಕ್ಕೆ ಹೆಚ್ಚು ಖರ್ಚೂ ಬೀಳುವುದಿಲ್ಲ. ಪಟ್ಟಿಯ ದುಡ್ಡಿನಲ್ಲಿ ದೀಪದ ಸರ, ಫ್ಲೆಕ್ಸುಗಳಿಗೆ ಹೋಗುವ ಪಾಲನ್ನು ತುಸು ತಗ್ಗಿಸಿ, ಕಲಾವಿದೆಯರನ್ನು ನಾಟಕಕ್ಕೆ ಎರಡು ದಿನ ಮೊದಲೇ ಕರೆಸಿರಿ, ಆ ತಾಲೀಮಿನ ದಿನಗಳಿಗೂ ಅವರಿಗೆ ಸಂಭಾವನೆ ಕೊಡಿರಿ, ಇಳಿದುಕೊಳ್ಳಲು ಮರ್ಯಾದೆಯ ಮನೆ ಕೊಡಿರಿ. ಹೀರೋ ಯಾರೆಂದು ಗೊತ್ತುಮಾಡುವ ಮೊದಲು ಹುಡುಗರನ್ನೆಲ್ಲ ಪೇಟಿಯ ಮುಂದೆ ಒಂದು ಸಲ ಕೂಡಿಸಿರಿ.